ಒಂಬತ್ತು ವಾರದಲ್ಲಿ ಭಾಷೆ ಕಲಿಸುವ ಮಾರ್ಮನ್ ಮಿಷನರಿ ತರಬೇತಿಯಿಂದ ನಮ್ಮ ಕನ್ನಡ ಪಾಠಕ್ಕೆ ಏನು ಸಿಗಬಹುದು?

ಪ್ರಶ್ನೆ: ಗೋಕುಲಂ ಶಿಕ್ಷಕಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಮೈಸೂರಿನ ಗೋಕುಲಂಗೆ ಯೋಗಾಭ್ಯಾಸಕ್ಕೆಂದು ಬಂದು ಎರಡು ಮೂರು ತಿಂಗಳು ಉಳಿಯುವ ವಿದೇಶಿಯರಿಗೆ ನಾನು ಹನ್ನೊಂದು ವರ್ಷಗಳಿಂದ ಮನೆಯಲ್ಲಿಯೇ ಕನ್ನಡ ಹೇಳಿಕೊಡುತ್ತಿದ್ದೇನೆ. ಅಕ್ಷರಮಾಲೆ, ಕಾಗುಣಿತ, ಸರ್ವನಾಮ, ಮೂರು ಕಾಲಗಳು ಎಂಬ ಕ್ರಮದಲ್ಲಿ ಪಾಠ ಸಾಗುತ್ತದೆ. ಊರಿಗೆ ಹಿಂತಿರುಗುವ ಹೊತ್ತಿಗೆ ಅವರಲ್ಲಿ ಹೆಚ್ಚಿನವರು ಬಸ್ಸಿನ ಬೋರ್ಡನ್ನು ಓದಬಲ್ಲವರಾಗಿರುತ್ತಾರೆ. ಆದರೆ ಕಂಡಕ್ಟರ್ ಒಂದು ಮಾತು ಕೇಳಿದರೆ ಕೂಡಲೇ ಇಂಗ್ಲಿಷಿಗೆ ಹೊರಳುತ್ತಾರೆ. ಇದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಸಂಗತಿ.

ಕಳೆದ ಡಿಸೆಂಬರಿನಲ್ಲಿ ಅಮೆರಿಕದ ಯೂಟಾ ರಾಜ್ಯದಿಂದ ಬಂದ ಇಪ್ಪತ್ತಾರರ ಒಬ್ಬ ಯುವಕ ಪಾಠಕ್ಕೆ ಸೇರಿದ. ಮೊದಲ ದಿನ ನಾನು ಕೊಟ್ಟ ಪುಸ್ತಕವನ್ನು ವಿನಯದಿಂದ ಪಕ್ಕಕ್ಕಿಟ್ಟು, “ಇವತ್ತು ಸಂಜೆ ನಾನು ಯಾರ ಜೊತೆ ಮಾತನಾಡಬೇಕು, ಅವರಿಗೆ ಏನು ಹೇಳಬೇಕು, ಅದನ್ನು ಹೇಳಿಕೊಡಿ” ಎಂದು ಕೇಳಿದ. ಅಂಗಿಯ ಜೇಬಿನಲ್ಲಿ ಅಂಗೈ ಅಗಲದ ಒಂದು ಪುಸ್ತಕವಿತ್ತು. ಹೊಸ ವಾಕ್ಯವನ್ನು ಅದರಲ್ಲಿ ಬರೆದುಕೊಂಡು, ಅದರ ಕೆಳಗೆ ಇಂಗ್ಲಿಷ್ ಅರ್ಥವನ್ನು ಬರೆಯದೆ, ತುಟಿಯಲ್ಲೇ ನಾಲ್ಕೈದು ಸಲ ಹೇಳಿಕೊಳ್ಳುತ್ತಿದ್ದ. ಮರುದಿನ ನಮ್ಮ ಬೀದಿಯ ಹೂವಿನ ಅಮ್ಮನ ಮುಂದೆ ನಿಂತು, “ಅಮ್ಮ, ಮಲ್ಲಿಗೆ ಒಂದು ಮೊಲ ಎಷ್ಟು?” ಎಂದ. ಆಕೆ ಹೂವಿನ ಸರವನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ಹಿಡಿದು ತೋರಿಸಿ, “ಮೊಲ ಅಲ್ಲ ಕಣಪ್ಪ, ಮೊಳ, ಮೊಳ” ಎಂದು ನಾಲಿಗೆ ಮಡಚಿ ತಿದ್ದಿದಳು. ಅವನು ಅಲ್ಲಿಯೇ ನಿಂತು ಸರಿಯಾಗುವವರೆಗೂ ಹೇಳಿದ. ಮೂರು ವಾರ ಕಳೆಯುವುದರೊಳಗೆ ಅವರಿಬ್ಬರೂ ಆಕೆಯ ಮಗಳ ಪರೀಕ್ಷೆಯ ಬಗ್ಗೆ ಮಾತನಾಡುತ್ತಿದ್ದುದನ್ನು ನಾನು ಕಿವಿಯಾರೆ ಕೇಳಿದೆ.

ಇದನ್ನೆಲ್ಲ ಎಲ್ಲಿ ಕಲಿತೆ ಎಂದು ವಿಚಾರಿಸಿದಾಗ, ಹದಿನೆಂಟನೆಯ ವಯಸ್ಸಿನಲ್ಲಿ ಮಾರ್ಮನ್ ಎಂಬ ಕ್ರೈಸ್ತ ಸಭೆಯ ಮಿಷನರಿಯಾಗಿ, ಅಂದರೆ ಧರ್ಮಪ್ರಚಾರಕನಾಗಿ, ಎರಡು ವರ್ಷ ಫಿನ್ಲೆಂಡಿನಲ್ಲಿದ್ದುದಾಗಿಯೂ, ಹೊರಡುವ ಮುನ್ನ ಪ್ರೋವೊ ಎಂಬ ಊರಿನ ತರಬೇತಿ ಕೇಂದ್ರದಲ್ಲಿ ಒಂಬತ್ತು ವಾರ ಫಿನ್ನಿಶ್ ಭಾಷೆ ಕಲಿತುದಾಗಿಯೂ ಹೇಳಿದ. ಮತಾಂತರದ ಸರಿ ತಪ್ಪುಗಳ ಚರ್ಚೆ ನನ್ನ ಉದ್ದೇಶವಲ್ಲ. ಆ ಮೊದಲ ವಾರಗಳಲ್ಲಿ ಅಷ್ಟು ಎಳೆಯ ಹುಡುಗರಿಗೆ ಏನನ್ನು, ಹೇಗೆ ಕಲಿಸುತ್ತಾರೆ, ಅದರಲ್ಲಿ ನನ್ನಂಥ ಶಿಕ್ಷಕಿ ತೆಗೆದುಕೊಳ್ಳಬಹುದಾದದ್ದು ಯಾವುದು ಎಂಬುದನ್ನು ಹತ್ತಿರದಿಂದ ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಮದ್ದೂರಿನವನು

ಮೇಡಂ, ನಾನು ಮಂಡ್ಯ ಜಿಲ್ಲೆಯ ಮದ್ದೂರಿನವನು. ಓದಿಗೆಂದು ಹೋಗಿ ಆರು ವರ್ಷ ಯೂಟಾದ ಸಾಲ್ಟ್ ಲೇಕ್ ಸಿಟಿಯಲ್ಲಿದ್ದೆ. ನನ್ನೊಡನೆ ಮನೆ ಹಂಚಿಕೊಂಡಿದ್ದ ಇಬ್ಬರೂ ಮಿಷನರಿಗಳಾಗಿ ಹೋಗಿಬಂದವರಾದ್ದರಿಂದ, ರಾತ್ರಿ ಅಡುಗೆ ಮಾಡುವಾಗ ಈ ಕಥೆಗಳನ್ನು ಬೇಕಾದಷ್ಟು ಕೇಳಿದ್ದೇನೆ.

ಮೊದಲು ಹಿನ್ನೆಲೆಯನ್ನು ಹೇಳುತ್ತೇನೆ. ಜನ ಮಾರ್ಮನ್ನರು ಎಂದು ಕರೆಯುವ ಈ ಸಭೆಯ ಪೂರ್ಣ ಹೆಸರು ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್‌ಡೇ ಸೇಂಟ್ಸ್. ಜೋಸೆಫ್ ಸ್ಮಿತ್ ಅದನ್ನು 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪಿಸಿದರು. ಮಾರ್ಮನ್ ಎಂಬ ಅಡ್ಡಹೆಸರಿನ ಬದಲು ಪೂರ್ಣ ಹೆಸರನ್ನೇ ಬಳಸಬೇಕೆಂದು 2018ರಲ್ಲಿ ಅವರ ಅಧ್ಯಕ್ಷರು ಕೋರಿದ್ದರಿಂದ, ನಿಮ್ಮ ವಿದ್ಯಾರ್ಥಿ ಆ ಹೆಸರನ್ನು ಬಳಸಿದ್ದು ನಿಮಗೆ ಸುಲಭವಾಗಲೆಂದೇ ಇರಬೇಕು. ಹುಡುಗರು 24 ತಿಂಗಳು, ಹುಡುಗಿಯರು 18 ತಿಂಗಳು ಸೇವೆ ಮಾಡುತ್ತಾರೆ. ಹುಡುಗರಿಗೆ ಮೊದಲು 19 ವರ್ಷ ತುಂಬಿರಬೇಕಿತ್ತು, 2012ರಲ್ಲಿ ಅದನ್ನು 18ಕ್ಕೆ ಇಳಿಸಿದರು. ಸಂಬಳ ಇರುವುದಿಲ್ಲ. ಖರ್ಚನ್ನು ಅವರೇ ಅಥವಾ ಮನೆಯವರೇ ಹೊರಬೇಕು, ಅಮೆರಿಕದ ಕುಟುಂಬಗಳು ತಿಂಗಳಿಗೆ ಕಟ್ಟುವ ಮೊತ್ತ ಬಹುಕಾಲ 400 ಡಾಲರ್ ಇದ್ದದ್ದು 2020ರಲ್ಲಿ 500 ಡಾಲರ್ ಆಯಿತು. ಯಾವ ದೇಶ, ಯಾವ ಭಾಷೆ ಎಂಬುದನ್ನು ಅರ್ಜಿ ಹಾಕಿದವರು ಆರಿಸಿಕೊಳ್ಳುವಂತಿಲ್ಲ. ಕರೆಯ ಪತ್ರ ತೆರೆದಾಗಲೇ ತಿಳಿಯುತ್ತದೆ. ಮನೆಮಂದಿಯೆಲ್ಲ ಸುತ್ತ ಕೂತಿರುವಾಗ ಹುಡುಗ ಅದನ್ನು ಗಟ್ಟಿಯಾಗಿ ಓದುವುದು ಅಲ್ಲಿಯ ರೂಢಿ. ನಮ್ಮಲ್ಲಿ ಫಲಿತಾಂಶದ ದಿನ ಮನೆಯಲ್ಲಿ ಇರುವಂಥದೇ ಉಸಿರು ಬಿಗಿಹಿಡಿದ ವಾತಾವರಣ ಎಂದುಕೊಳ್ಳಿ.

ಪ್ರೋವೊ ಕೇಂದ್ರ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಮಗ್ಗುಲಲ್ಲೇ ಇದೆ. ಅಲ್ಲಿ ಐವತ್ತಕ್ಕೂ ಹೆಚ್ಚು ಭಾಷೆಗಳನ್ನು ಕಲಿಸುತ್ತಾರೆ. ಕಲಿಸುವವರಲ್ಲಿ ಹೆಚ್ಚಿನವರು ಭಾಷಾಶಾಸ್ತ್ರದ ಪಂಡಿತರಲ್ಲ. ಅದೇ ಭಾಷೆಯ ನಾಡಿನಲ್ಲಿ ಮಿಷನರಿಯಾಗಿದ್ದು, ಹಿಂತಿರುಗಿ, ಈಗ ಕಾಲೇಜಿನಲ್ಲಿ ಓದುತ್ತಿರುವ ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸಿನವರು. ನನಗೆ ಇದು ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ತಾನು ಎರಡು ಮೂರು ವರ್ಷದ ಹಿಂದೆ ಎಲ್ಲಿ ಎಡವಿದ್ದೆ ಎಂಬುದು ಆ ಶಿಕ್ಷಕನಿಗೆ ಇನ್ನೂ ನೆನಪಿರುತ್ತದೆ.

ಕೇಂದ್ರದ ಒಳಗೆ ಕಾಲಿಟ್ಟ ದಿನವೇ ಕಪ್ಪು ಹೆಸರು ಫಲಕ ಎದೆಗೆ ಬರುತ್ತದೆ. ಅಂದಿನಿಂದ ಹುಡುಗನಿಗೆ ಮನೆಯ ಹೆಸರಿಲ್ಲ, ‘ಎಲ್ಡರ್’ (ಹಿರಿಯ) ಎಂಬ ಪದದ ಮುಂದೆ ಕುಲನಾಮ ಮಾತ್ರ. ಒಬ್ಬ ಜೊತೆಗಾರನನ್ನು ಗೊತ್ತುಮಾಡುತ್ತಾರೆ, ಅವನನ್ನು ಬಿಟ್ಟು ಎಲ್ಲಿಗೂ ಹೋಗುವಂತಿಲ್ಲ. ನನ್ನ ಗೆಳೆಯರ ಕಾಲದಲ್ಲಿ ಬೆಳಗ್ಗೆ ಆರೂವರೆಗೆ ಏಳಬೇಕಿತ್ತು, ರಾತ್ರಿ ಹತ್ತೂವರೆಗೆ ದೀಪ ಆರಬೇಕಿತ್ತು. ನಡುವಿನ ಹೊತ್ತೆಲ್ಲ ತರಗತಿ, ಜೊತೆಗಾರನೊಂದಿಗೆ ಓದು, ಭಾಷೆಯ ಅಭ್ಯಾಸ. ಊಟದ ಸಾಲಿನಲ್ಲಿಯೂ, ಮೆಟ್ಟಿಲು ಇಳಿಯುವಾಗಲೂ ಗೊತ್ತಿರುವಷ್ಟನ್ನು ಕಲಿಯುವ ಭಾಷೆಯಲ್ಲೇ ಆಡಬೇಕು ಎಂಬುದು ಅಲ್ಲಿಯ ಕಟ್ಟುನಿಟ್ಟು.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಇಲ್ಲಿದೆ. ಎರಡನೆಯ ಅಥವಾ ಮೂರನೆಯ ದಿನವೇ ಅವರು ಆ ಭಾಷೆಯಲ್ಲಿ ಒಬ್ಬರಿಗೆ ಬೋಧಿಸಬೇಕು. ಎದುರಿಗೆ ಕೂರುವವರು ಬಹುತೇಕ ಅವರ ಶಿಕ್ಷಕರೇ, ಆದರೆ ಆ ಹೊತ್ತಿನಲ್ಲಿ ಶಿಕ್ಷಕರಾಗಿ ಅಲ್ಲ. ತಾವು ಮಿಷನರಿಯಾಗಿದ್ದಾಗ ನಿಜವಾಗಿ ಭೇಟಿಯಾಗಿದ್ದ ಒಬ್ಬ ವ್ಯಕ್ತಿಯ ಪಾತ್ರವನ್ನು ಅವರು ವಹಿಸುತ್ತಾರೆ, ಆ ವ್ಯಕ್ತಿಗೆ ಹೆಸರು, ಕೆಲಸ, ಮನೆಯ ಚಿಂತೆ ಎಲ್ಲ ಇರುತ್ತವೆ. ನನ್ನ ಗೆಳೆಯ ಕೊರಿಯನ್ ಕಲಿತವನು. ಮೂರನೆಯ ದಿನ ಅವನೂ ಜೊತೆಗಾರನೂ ಬಾಯಿಪಾಠ ಮಾಡಿದ್ದ ಪ್ರಾರ್ಥನೆಯನ್ನು ಮುಗಿಸಿದ ಮೇಲೆ, ಮುಂದಿನ ವಾಕ್ಯ ಬರೆದಿದ್ದ ಕಾಗದ ಕುರ್ಚಿಯ ಕೆಳಗೆ ಜಾರಿಬಿದ್ದಿತಂತೆ. ಎದುರಿಗಿದ್ದವರು ಕಾಯುತ್ತಲೇ ಇದ್ದರು, ಇಂಗ್ಲಿಷಿನಲ್ಲಿ ಒಂದು ಮಾತೂ ಆಡಲಿಲ್ಲ. ಕೊನೆಗೆ ಇವನು ತನಗೆ ಗೊತ್ತಿದ್ದ ಒಂದೇ ಪ್ರಶ್ನೆಯನ್ನು, ನಿಮಗೆ ಮಕ್ಕಳಿದ್ದಾರೆಯೇ ಎಂಬುದನ್ನು ಕೇಳಿದ. ಅವರು ಉತ್ತರಿಸಿದರು, ಇವನಿಗೆ ಅದರಲ್ಲಿ ‘ಮಗಳು’ ಎಂಬ ಒಂದೇ ಪದ ತಿಳಿಯಿತು. ಆ ರಾತ್ರಿ ಅವನು ಕಲಿತ ಪದಗಳೆಲ್ಲ ಮುಂದಿನ ಭೇಟಿಯಲ್ಲಿ ಆ ಮಗಳ ವಿಷಯ ವಿಚಾರಿಸಲು ಬೇಕಾದವೇ ಆಗಿದ್ದವು.

ಆದರೂ ಒಂಬತ್ತು ವಾರದಲ್ಲಿ ಭಾಷೆ ಬಂದುಬಿಡುತ್ತದೆ ಎಂದು ದಯವಿಟ್ಟು ನಂಬಬೇಡಿ. ಅದೇ ಗೆಳೆಯ ಕೊರಿಯಾದ ವಿಮಾನ ನಿಲ್ದಾಣದಲ್ಲಿ ಇಳಿದಾಗ ಸುತ್ತಲಿನವರ ಮಾತು ಒಂದಕ್ಷರವೂ ಅರ್ಥವಾಗದೆ ಕಂಗೆಟ್ಟನಂತೆ. ದೇವರು ಇದ್ದಾನೆಂದು ನನಗೆ ಗೊತ್ತು ಎಂಬ ವಾಕ್ಯವನ್ನು ನಿರರ್ಗಳವಾಗಿ ಹೇಳಬಲ್ಲವನಿಗೆ, ಕೂದಲನ್ನು ಎಷ್ಟು ಕತ್ತರಿಸಬೇಕೆಂದು ಕ್ಷೌರಿಕನಿಗೆ ಹೇಳಲು ಬರುತ್ತಿರಲಿಲ್ಲ. ನಿಜವಾದ ಕಲಿಕೆ ಆಮೇಲಿನದು. ಸೇವಾಸ್ಥಳದ ಮೊದಲ ಹನ್ನೆರಡು ವಾರ ಹೊಸಬನನ್ನು ಅನುಭವಿಯಾದ ಒಬ್ಬ ಮಿಷನರಿಯ ಜೊತೆಗೆ ಹಾಕುತ್ತಾರೆ, ಅವನನ್ನು ತರಬೇತುದಾರನೆಂದೇ ಕರೆಯುತ್ತಾರೆ. ಬಾಗಿಲು ತಟ್ಟುವುದು, ಬಸ್ ಹಿಡಿಯುವುದು, ಅಕ್ಕಿ ಕೊಳ್ಳುವುದು ಎಲ್ಲವೂ ಅವನ ಕಣ್ಣಳತೆಯಲ್ಲಿ ನಡೆಯುತ್ತವೆ.

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಹದಿನೆಂಟರ ಹುಡುಗನಿಗೆ ಇದು ತುಂಬ ಭಾರದ ಕಾಲ. ನನ್ನ ಗೆಳೆಯರ ಕಾಲದಲ್ಲಿ ಮನೆಗೆ ಫೋನ್ ಮಾಡಲು ವರ್ಷಕ್ಕೆ ಎರಡೇ ಅವಕಾಶ, ಕ್ರಿಸ್‌ಮಸ್ ಮತ್ತು ತಾಯಂದಿರ ದಿನ. 2019ರಿಂದ ವಾರಕ್ಕೊಮ್ಮೆ ಮಾತನಾಡಲು ಒಪ್ಪಿಗೆಯಿದೆ. ಅದು ಮೊದಲೇ ಆಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಉತ್ತರ 2: ಗಂಗೋತ್ರಿ ಮೇಷ್ಟ್ರು

ಇಬ್ಬರ ಬರಹವನ್ನೂ ಆಸಕ್ತಿಯಿಂದ ಓದಿದೆ. ಮಾನಸಗಂಗೋತ್ರಿಯಲ್ಲಿ ಹೊರರಾಜ್ಯದವರಿಗೆ ಕನ್ನಡ ಕಲಿಸುವ ಕೆಲಸದಲ್ಲಿ ಬಹಳ ವರ್ಷ ತೊಡಗಿದ್ದು ನಿವೃತ್ತನಾದವನು ನಾನು. ಶಿಕ್ಷಕಿಯವರಿಗೆ ಮೊದಲು ಒಂದು ಎಚ್ಚರಿಕೆಯನ್ನು ಹೇಳಬೇಕೆನಿಸುತ್ತದೆ. ಆ ಯುವಕನ ವೇಗವನ್ನೆಲ್ಲ ತರಬೇತಿ ಕೇಂದ್ರದ ಲೆಕ್ಕಕ್ಕೆ ಬರೆಯಬೇಡಿ, ಅದರಲ್ಲಿ ಒಂದು ಪಾಲು ಫಿನ್ನಿಶ್ ಭಾಷೆಗೆ ಸಲ್ಲಬೇಕು.

ಫಿನ್ನಿಶ್ ನಮ್ಮ ಭಾಷೆಯ ಬಂಧುವಲ್ಲ, ಆದರೆ ಅದರ ನಡಿಗೆ ಕನ್ನಡದ ನಡಿಗೆಯನ್ನು ಹೋಲುತ್ತದೆ. ನಾವು ಮನೆ, ಮನೆಯಲ್ಲಿ, ಮನೆಯಿಂದ, ಮನೆಗೆ ಎನ್ನುವಂತೆ ಅವರು ತಲೊ, ತಲೊಸ್ಸ, ತಲೊಸ್ತ, ತಲೋನ್ ಎನ್ನುತ್ತಾರೆ. ಅಲ್ಲಿ ಹದಿನೈದು ವಿಭಕ್ತಿಗಳಿವೆ. ‘ನಾನು ಹಸಿವನ್ನು ಹೊಂದಿದ್ದೇನೆ’ ಎಂದು ನಾವು ಹೇಳುವುದಿಲ್ಲ, ‘ನನಗೆ ಹಸಿವಾಗಿದೆ’ ಎನ್ನುತ್ತೇವೆ. ಫಿನ್ನಿಶ್‌ನಲ್ಲಿಯೂ ಹಸಿವು ‘ನನ್ನಲ್ಲಿ ಇದೆ’. ಇಂಗ್ಲಿಷ್ ಮಾತ್ರ ಬಲ್ಲವನು ನನಗೆ ಬೇಕು, ನನಗೆ ಗೊತ್ತು, ನನಗೆ ಇಷ್ಟ ಎಂಬ ಪ್ರಯೋಗಗಳ ಮುಂದೆ ವಾರಗಟ್ಟಲೆ ತಡವರಿಸುವುದನ್ನು ನೀವು ಕಂಡಿರುತ್ತೀರಿ. ಈತ ಆ ಹೊಳೆಯನ್ನು ಹದಿನೆಂಟರಲ್ಲೇ ದಾಟಿದ್ದ. ಒತ್ತಕ್ಷರದ ಕಿವಿಯೂ ಅವನಿಗೆ ಮೊದಲೇ ಬಂದಿತ್ತು, ಏಕೆಂದರೆ ಆ ಭಾಷೆಯಲ್ಲಿ ಕುಕ ಎಂದರೆ ಯಾರು, ಕುಕ್ಕ ಎಂದರೆ ಹೂವು. ಆದರೆ ನಾಲಿಗೆ ಮಡಚುವ ಳಕಾರ ಅಲ್ಲಿಲ್ಲ. ಹೂವಿನ ಅಮ್ಮನ ಮುಂದೆ ಮೊಳ ಮೊಲವಾದದ್ದು ಅದರಿಂದಲೇ.

ಕಾಲಾವಧಿಯ ವಿಷಯದಲ್ಲಿ ಮದ್ದೂರಿನವರ ಮಾತನ್ನು ನಾನು ಒಪ್ಪುತ್ತೇನೆ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸುವ ಸಂಸ್ಥೆಯ ಅಂದಾಜಿನಲ್ಲಿ ಫಿನ್ನಿಶ್, ತಮಿಳು, ತೆಲುಗು ಮೂರೂ ಒಂದೇ ವರ್ಗದಲ್ಲಿವೆ. ವೃತ್ತಿಗೆ ತಕ್ಕ ಮಟ್ಟ ಮುಟ್ಟಲು ಸುಮಾರು 44 ವಾರ, 1,100 ತರಗತಿ ಗಂಟೆಗಳು ಬೇಕೆಂದು ಅದು ಹೇಳುತ್ತದೆ. ನಮ್ಮ ಮೈಸೂರಿನಲ್ಲಿಯೇ, 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನಕ್ಕೆ ಸೇರಿದ ದಕ್ಷಿಣ ವಲಯ ಭಾಷಾ ಕೇಂದ್ರದಲ್ಲಿ, ಬೇರೆ ರಾಜ್ಯಗಳ ಶಾಲಾ ಶಿಕ್ಷಕರು ಹತ್ತು ತಿಂಗಳು ಇದ್ದು ಕನ್ನಡ, ತಮಿಳು, ತೆಲುಗು, ಮಲಯಾಳಂಗಳನ್ನು ಕಲಿಯುತ್ತಾರೆ. ಭಾಷೆಗೆ ಬೇಕಾದ ಕಾಲವನ್ನು ಯಾವ ಯುಕ್ತಿಯೂ ಕಡಿಮೆ ಮಾಡಲಾರದು. ಆ ಕಾಲವನ್ನು ಯಾರ ಎದುರಿಗೆ ಕಳೆಯುತ್ತೇವೆ ಎಂಬುದನ್ನು ಮಾತ್ರ ನಾವು ಬದಲಾಯಿಸಬಹುದು.

ನಮ್ಮ ನಾಡಿನ ಹಳೆಯ ಮಿಷನರಿಗಳನ್ನೂ ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ಯೂಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು ಅದರ ವ್ಯಾಕರಣವನ್ನು ಬರೆದರು. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಬಂದಾಗ ಇಪ್ಪತ್ತೊಂದರ ತರುಣ, ಅವರ ಕನ್ನಡ ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ. ಸುಮಾರು 70,000 ಪದಗಳ ಆ ಗ್ರಂಥದ ಹಿಂದೆ ನಾಲ್ಕು ದಶಕಗಳಿವೆ. ಅವರು ಜೀವಮಾನವನ್ನೇ ಕೊಟ್ಟರು, ಇಂದಿನ ಈ ಹುಡುಗರು ಎರಡು ವರ್ಷ ಕೊಡುತ್ತಾರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೆ ಕಿಟ್ಟೆಲರ ನಿಘಂಟಿನಲ್ಲಿ ಗಾದೆಗಳೂ ಆಡುನುಡಿಗಳೂ ಹೇರಳವಾಗಿ ಸೇರಿರುವುದನ್ನು ನೋಡಿದರೆ, ಅವರ ಕಿವಿ ಸದಾ ಜನರ ನಡುವೆಯೇ ಇತ್ತೆಂಬುದು ಸ್ಪಷ್ಟವಾಗುತ್ತದೆ.

ಶಿಕ್ಷಕಿಯವರಿಗೆ ನನ್ನ ಸಲಹೆ ಒಂದೇ. ‘ಬರುತ್ತೇನೆ’ಯನ್ನು ಮೊದಲು ಕಲಿಸಿ, ‘ಬರ್ತೀನಿ’ಯನ್ನು ಅಪಭ್ರಂಶವೆಂಬಂತೆ ಕೊನೆಗೆ ಹೇಳುವ ಕ್ರಮವನ್ನು ನಾವೆಲ್ಲರೂ ಬಿಡಬೇಕು. ಮಂಡ್ಯದ ಸಂತೆಯಲ್ಲಿ ಕೇಳುವುದು ‘ಬತ್ತೀನಿ’. ಬರವಣಿಗೆಯ ರೂಪವನ್ನು ಕಲಿತವನು ಅಲ್ಲಿ ಕಿವುಡನಂತೆ ನಿಲ್ಲುತ್ತಾನೆ. ಅಕ್ಷರವನ್ನು ಎರಡನೆಯ ತಿಂಗಳಿಗೆ ಇಟ್ಟುಕೊಳ್ಳಿ, ಅದು ಎಲ್ಲಿಗೂ ಓಡಿಹೋಗುವುದಿಲ್ಲ.

ಉತ್ತರ 3: ಹೆಬ್ಬಾಳದ ಅಕ್ಕ, ಮೈಸೂರು

ಮೇಷ್ಟ್ರಿಗೆ ನಮಸ್ಕಾರ. ನಮ್ಮ ಕುಟುಂಬ ಈ ಸಭೆಗೆ ಸೇರಿದ್ದು, ನನ್ನ ತಮ್ಮ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮಿಷನರಿಯಾಗಿ ಹೋದವನು. ಈ ಸಭೆಯ ಬೆಂಗಳೂರು ಮಿಷನ್ 1993ರಿಂದ ಇದೆ. ಅವನನ್ನು ತೆಲುಗು ಮಾತನಾಡುವ ರಾಜಮಂಡ್ರಿಯ ಕಡೆಗೆ ಕಳುಹಿಸಿದರು. ತರಬೇತಿಯ ಮೊದಲ ವಾರ ಮನೆಯಲ್ಲಿಯೇ, ಲ್ಯಾಪ್‌ಟಾಪಿನ ಮುಂದೆ ನಡೆಯಿತು. ಬಿಳಿಯ ಅಂಗಿ, ಟೈ ಧರಿಸಿ ಅವನು ಊಟದ ಮೇಜಿನ ಮುಂದೆ ಕೂತಿದ್ದರೆ, ಒಳಗೆ ಅಮ್ಮ ಕುಕ್ಕರಿನ ಸೀಟಿ ಕೇಳಬಾರದೆಂದು ಅಡುಗೆಮನೆಯ ಬಾಗಿಲು ಹಾಕಿಕೊಂಡು ಸಾರು ಮಾಡುತ್ತಿದ್ದರು.

ತೆಲುಗು ಕನ್ನಡಕ್ಕೆ ಹತ್ತಿರವೆಂದು ಅವನು ಧೈರ್ಯದಿಂದಲೇ ಹೊರಟಿದ್ದ. ನಮ್ಮ ಹಾಲು ಅಲ್ಲಿ ಪಾಲು, ಹುಲಿ ಪುಲಿ, ಹೂವು ಪುವ್ವು, ಹಣ್ಣು ಪಂಡು ಎಂದು ಗುರುತಿಸಿ, ಹಕಾರದ ಜಾಗದಲ್ಲಿ ಪಕಾರ ಹಾಕಿದರೆ ಅರ್ಧ ಭಾಷೆ ಬಂದಂತೆ ಎಂದುಕೊಂಡಿದ್ದ. ಆದರೆ ಪದಗಳು ಬಂದರೂ ಮಾತಿನ ಓಟ ಸಿಗಲಿಲ್ಲ. ಅವನ ತರಬೇತುದಾರ ಆಂಧ್ರದ ಹುಡುಗ. ಆಟೋದವರೊಂದಿಗೆ, ಹೋಟೆಲಿನಲ್ಲಿ, ಅಂಗಡಿಯಲ್ಲಿ ಮೊದಲು ಮಾತನಾಡಬೇಕಾದವನು ನೀನೇ ಎಂದು ನಿಯಮ ಮಾಡಿದ್ದ. ನಾಲ್ಕನೆಯ ವಾರದ ಕರೆಯಲ್ಲಿ ತಮ್ಮ ಅತ್ತುಬಿಟ್ಟ. ಒಂದು ಮನೆಯಲ್ಲಿ ವಯಸ್ಸಾದ ತಾಯಿಯೊಬ್ಬರು ತೀರಿಹೋದ ಮಗನ ವಿಷಯ ಹೇಳಿಕೊಂಡಾಗ, ತನಗೆ ಅರ್ಥವಾಗದೆ ನಗುಮುಖದಿಂದಲೇ ತಲೆಯಾಡಿಸಿದ್ದನ್ನು ಆಮೇಲೆ ಜೊತೆಗಾರನಿಂದ ತಿಳಿದು, ಅವನಿಗೆ ಆ ರಾತ್ರಿ ನಿದ್ದೆ ಬಂದಿರಲಿಲ್ಲ. ಮರುವಾರ ಅವರ ಮನೆಗೆ ಮತ್ತೆ ಹೋಗಿ, ಕಲಿತುಕೊಂಡ ನಾಲ್ಕು ವಾಕ್ಯಗಳಲ್ಲಿ ಕ್ಷಮೆ ಕೇಳಿದ. ಆ ವಾಕ್ಯಗಳನ್ನು ಅವನು ಇಂದಿಗೂ ಹೇಳಬಲ್ಲ.

ಕೆಲವು ತಿಂಗಳ ಮೇಲೆ ಒಂದು ದಿನ ಅಮ್ಮ ಫೋನಿನಲ್ಲಿ “ಊಟ ಆಯ್ತಾ ಮಗಾ” ಎಂದರೆ, ಅವನು “ಅಯಿಂದಮ್ಮಾ” ಎಂದ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಏನು ಊಟ ಎಂದು ಕೇಳಿದರು.

ಮೇಡಂ, ವಿಧಾನದ ಬಗ್ಗೆ ಎಲ್ಲರೂ ಚೆನ್ನಾಗಿ ಬರೆದಿದ್ದಾರೆ. ನನಗೆ ತೋಚಿದ್ದು ಇಷ್ಟೇ: ನನ್ನ ತಮ್ಮನಿಗೆ ಹೇಳಲೇಬೇಕಾದ ಒಂದು ಮಾತಿತ್ತು, ಅದನ್ನು ಅವನು ಮನಸಾರೆ ನಂಬಿದ್ದ. ಭಾಷೆ ಅದಕ್ಕೆ ದಾರಿಯಾಗಿತ್ತು. ನಿಮ್ಮಲ್ಲಿಗೆ ಬರುವವರಿಗೆ ಮೈಸೂರಿನ ಜನರಿಗೆ ಹೇಳಬೇಕಾದದ್ದು ಏನಿದೆ ಎಂಬುದನ್ನು ನೀವು ಮೊದಲು ಕಂಡುಕೊಳ್ಳಬೇಕೆನಿಸುತ್ತದೆ.

ಮರು ಉತ್ತರ: ಗೋಕುಲಂ ಶಿಕ್ಷಕಿ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಹೆಬ್ಬಾಳದ ಅಕ್ಕ ಕೇಳಿದ ಪ್ರಶ್ನೆಯನ್ನು ಎರಡು ದಿನ ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಉತ್ತರ ನನ್ನ ಕಣ್ಣ ಮುಂದೆಯೇ ಇತ್ತು. ನನ್ನಲ್ಲಿಗೆ ಬರುವವರೆಲ್ಲರೂ ಯೋಗ ಬಲ್ಲವರು, ನಮ್ಮ ಬೀದಿಯಲ್ಲಿ ಮೊಣಕಾಲು ನೋವಿನ ಅಜ್ಜಿಯರಿಗೆ ಕೊರತೆಯಿಲ್ಲ.

ಈಗ ನನ್ನ ಬಳಿ ಜರ್ಮನಿಯ ಒಬ್ಬಳು, ಬ್ರೆಜಿಲ್‌ನ ಒಬ್ಬಳು ಕಲಿಯುತ್ತಿದ್ದಾರೆ. ಸೋಮವಾರ ಪುಸ್ತಕ ತೆಗೆಯಲಿಲ್ಲ. ಕಾಲು ಚಾಚಿ, ಉಸಿರು ತಗೊಳ್ಳಿ, ಉಸಿರು ಬಿಡಿ, ನೋವಾದರೆ ನಿಲ್ಲಿಸಿ, ಇನ್ನೊಂದು ಸಲ ಮಾಡೋಣ ಎಂಬ ಐದು ವಾಕ್ಯಗಳನ್ನು ಮಾತ್ರ, ಆಡುವ ರೂಪದಲ್ಲಿಯೇ, ಹೇಳಿಕೊಟ್ಟೆ. ಬುಧವಾರ ನಾನು ಪಾಂಡವಪುರದ ನನ್ನ ಸೋದರತ್ತೆಯ ಪಾತ್ರದಲ್ಲಿ ಕುರ್ಚಿಯ ಮೇಲೆ ಕೂತೆ. ಅತ್ತೆ ಈಗಿಲ್ಲ, ಅವರ ಮಾತಿನ ಧಾಟಿ ಮಾತ್ರ ನನ್ನ ಕಿವಿಯಲ್ಲಿದೆ. ಇಂಗ್ಲಿಷ್ ಆಡುವುದಿಲ್ಲವೆಂದು ನಿಶ್ಚಯಿಸಿದ್ದೆ, ಇಪ್ಪತ್ತು ನಿಮಿಷವೂ ಆಡಲಿಲ್ಲ. ಇಬ್ಬರೂ ಒಬ್ಬರ ವಾಕ್ಯವನ್ನು ಇನ್ನೊಬ್ಬರು ಪೂರ್ತಿಮಾಡುತ್ತಾ ನನ್ನಿಂದ ಕಾಲು ಚಾಚಿಸಿದರು. ಜೊತೆಗಾರರಿರುವುದರ ಬೆಲೆ ನನಗೆ ಅಂದು ತಿಳಿಯಿತು.

ಶುಕ್ರವಾರ ನಮ್ಮ ಪಕ್ಕದ ಮನೆಯ ಅಜ್ಜಿಯನ್ನು ಕರೆದೆ. ಅವರಿಗೆ ಎಪ್ಪತ್ತೆರಡು ವರ್ಷ, ಮಂಡ್ಯದ ಕಡೆಯ ಮಾತು. ಜರ್ಮನಿಯ ಹುಡುಗಿ ಅವರ ಎದುರಿಗೆ ನೆಲದ ಮೇಲೆ ಕೂತು, “ಅಜ್ಜಿ, ಕಾಲು ಚಾಚಿ” ಎಂದಳು. ಅಜ್ಜಿ ಚಾಚಿದರು. ಮುಂದಿನದನ್ನು ಇವಳು ಕೈಯಲ್ಲಿ ತೋರಿಸಿದಾಗ, “ಮಡ್ಚಕ್ಕೆ ಆಗಕ್ಕಿಲ್ಲ ಕಣವ್ವಾ” ಎಂದರು. ಆ ಪದ ನಮ್ಮ ಐದು ವಾಕ್ಯಗಳಲ್ಲಿ ಇರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ತನ್ನ ಮೊಣಕಾಲನ್ನು ನಿಧಾನವಾಗಿ ಮಡಚಿ, ಅಜ್ಜಿಯ ಮುಖ ನೋಡುತ್ತಾ, “ಮಡ್ಚು, ಇದಾ?” ಎಂದು ಕೇಳಿದಳು.